ಅತ್ತೆಯ ಹಾಡಿಗೆ ನಾನು ಹಾಕಿದ ಬೀಗ

ನಾನು ಯಾವ ಯಂತ್ರಕ್ಕೂ ಹೆದರುವವನಲ್ಲ. ನಮ್ಮ ಕಾಫಿ ತೋಟದ ಪಂಪ್‌ಸೆಟ್ಟನ್ನು ನಾನೇ ಬಿಚ್ಚಿದ್ದೇನೆ. ಜೋಡಿಸಿದವರು ಬೇರೆಯವರು, ಆ ಮಾತು ಬೇರೆ. ಆನೆ ಬರದಿರಲೆಂದು ತೋಟದ ಸುತ್ತ ಸೋಲಾರ್ ಬೇಲಿ ಹಾಕಿದವನೂ ನಾನೇ. ಆ ಬೇಲಿಯಿಂದ ಇದುವರೆಗೆ ಶಾಕ್ ಹೊಡೆಸಿಕೊಂಡಿರುವುದು ನಾನೊಬ್ಬನೇ. ಆನೆ ಗೇಟಿನಿಂದ ಬಂದು, ಬಾಳೆ ತಿಂದು, ಗೇಟಿನಿಂದಲೇ ಹೋಯಿತು. ಇಷ್ಟೆಲ್ಲ ಅನುಭವವಿರುವವನಿಗೆ ಒಂದು ಸರ್ವರ್ ಯಾವ ಲೆಕ್ಕ?

ವಿಷಯ ಹೀಗೆ. ನನ್ನ ಅತ್ತೆ, ಎಂದರೆ ಹೆಂಡತಿ ಪ್ರಭಾವತಿಯ ಅಮ್ಮ, ಇಲ್ಲೇ ಕೇರಳದ ತೃಶ್ಶಿಲೇರಿಯಲ್ಲಿ ಮಗ ಧರಣೇಂದ್ರನ ಮನೆಯಲ್ಲಿದ್ದಾರೆ. ನಮ್ಮ ಜೈನರ ಮನೆಗಳಲ್ಲಿ ಈಗ ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ಬಸದಿಯಲ್ಲಿ. ಶಾಲೆ, ಆಫೀಸು, ಬಸ್ಸು, ಬೇಲಿ ಜಗಳ ಎಲ್ಲ ಮಲಯಾಳದಲ್ಲೇ. ಅತ್ತೆಗೆ ಮಾತ್ರ ತಮ್ಮ ಅಜ್ಜಿಯಿಂದ ಬಂದ ಒಂದು ಕನ್ನಡ ತೊಟ್ಟಿಲ ಹಾಡು ಬರುತ್ತಿತ್ತು. ಮನೆಯಲ್ಲಿ ಯಾವ ಮಗು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನ ಅದನ್ನು ಹಾಡಲೇಬೇಕು. ಬೇರೆ ಯಾರೂ ಅದನ್ನು ಕಲಿಯಲಿಲ್ಲ. ಅತ್ತೆ ಇದ್ದಾರಲ್ಲ ಎಂಬ ಧೈರ್ಯ ಎಲ್ಲರಿಗೂ.

ಕೆಲವು ವರ್ಷಗಳ ಹಿಂದೆ ನಾನು ಆ ಹಾಡನ್ನೂ ಅವರ ಇನ್ನೊಂದಷ್ಟು ಹಾಡುಗಳನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಏಕೆಂದರೆ ಈಚೆಗೆ ಅತ್ತೆಗೆ ಮರೆವು ಶುರುವಾಗಿದೆ. ಹಾಡು ಎರಡನೆಯ ಸಾಲಿಗೆ ಬಂದು ನಿಂತುಬಿಡುತ್ತದೆ. ಅವರು ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ಗೋಡೆ ನೋಡುತ್ತಾರೆ. ನೋಡುವವರಿಗೆ ಸಂಕಟವಾಗುತ್ತದೆ.

ಇಂಥ ಹೊತ್ತಿನಲ್ಲಿ ಧರಣೇಂದ್ರನ ಮಗನಿಗೆ ಹೆಣ್ಣುಮಗು ಹುಟ್ಟಿತು. ಅತ್ತೆಗೆ ಮರಿಮಗಳು. ತೊಟ್ಟಿಲ ಶಾಸ್ತ್ರದ ದಿನವೂ ಗೊತ್ತಾಯಿತು. ಬಾಯಲ್ಲಿ ಬರದಿದ್ದರೆ ಸ್ಪೀಕರಿನಲ್ಲಾದರೂ ಸರಿ, ಹಾಡಿಲ್ಲದೆ ಆ ತೊಟ್ಟಿಲನ್ನು ತೂಗಬಾರದು ಎಂದು ಅತ್ತೆ ಹೇಳಿಕಳಿಸಿದರು. ನೆಂಟರೂ ಒಬ್ಬೊಬ್ಬರಾಗಿ ಹಾಡು ಕೇಳತೊಡಗಿದರು.

ವಾಟ್ಸಾಪಿನಲ್ಲಿ ಕಳಿಸಿಬಿಡಿ, ಮುಗೀತಲ್ಲ ಎಂದಳು ಪ್ರಭಾವತಿ. ಹೆಂಗಸರ ದೃಷ್ಟಿ ಇಷ್ಟೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವ ಧೈರ್ಯ ಇರಲಿಲ್ಲ. ನನ್ನ ಯೋಜನೆ ದೊಡ್ಡದು. ಒಂದು ಸರ್ವರನ್ನು ಬಾಡಿಗೆಗೆ ಹಿಡಿಯುವುದು. ಅದರಲ್ಲಿ ಒಂದು ಡೌನ್‌ಲೋಡ್ ಪ್ಯಾಕೇಜನ್ನು ಸ್ಥಾಪಿಸುವುದು. ಬೇಕಾದವರು ಜಗತ್ತಿನ ಯಾವ ಮೂಲೆಯಿಂದಲಾದರೂ ಪಾಸ್‌ವರ್ಡ್ ಕೊಟ್ಟು, ಒಳಬಂದು, ಹಾಡನ್ನು ಇಳಿಸಿಕೊಳ್ಳುವುದು. ನಮ್ಮ ನೆಂಟರೆಲ್ಲ ಮಾನಂತವಾಡಿಯಿಂದ ಒಂದು ಬಸ್ಸಿನ ದೂರದಲ್ಲೇ ಇದ್ದಾರೆ. ಆದರೂ ಜಗತ್ತಿನ ಮೂಲೆಗಳಿಗೆ ನಾನು ಅನ್ಯಾಯ ಮಾಡಬಾರದಲ್ಲ!

ಪ್ಯಾಕೇಜು ಪುಕ್ಕಟೆ ಸಿಕ್ಕಿತು. ಅದನ್ನು ಸ್ಥಾಪಿಸುವ ಸೂಚನೆಗಳೂ ಇದ್ದವು. ನಾನು ಓದಿದೆ. ಮತ್ತೆ ಓದಿದೆ. ಅಕ್ಷರಗಳು ಗೊತ್ತಿದ್ದವು, ಪದಗಳೂ ಹೆಚ್ಚುಕಡಿಮೆ ಗೊತ್ತಿದ್ದವು, ವಾಕ್ಯ ಮಾತ್ರ ಒಂದೂ ಅರ್ಥವಾಗಲಿಲ್ಲ. ಈ ಫೋಲ್ಡರಿಗೆ ಬರೆಯುವ ಅನುಮತಿ ಕೊಡಿ ಎಂದಿತು. ಕೊಟ್ಟೆ. ನಿಮಗೆ ಅನುಮತಿ ಕೊಡುವ ಅನುಮತಿ ಇಲ್ಲ ಎಂದಿತು. ಹಾಗಾದರೆ ಆ ಅನುಮತಿ ಯಾರಿಗಿದೆ ಎಂದು ಹುಡುಕಿದರೆ, ನನಗೇ ಇತ್ತು. ಆದರೆ ಬೇರೆ ಹೆಸರಿನ ನನಗೆ. ಆ ಬೇರೆ ಹೆಸರಿನ ನಾನಾಗಿ ಬಂದು, ಈ ಹೆಸರಿನ ನನಗೆ ಅನುಮತಿ ಕೊಟ್ಟು, ಮತ್ತೆ ನಾನಾಗಿ ಬರುವಷ್ಟರಲ್ಲಿ ನಾನು ಯಾರೆಂಬುದೇ ನನಗೆ ಮರೆತಿತ್ತು. ಪ್ರಭಾವತಿ ಕಾಫಿ ತಂದಿಟ್ಟಳು. ಯಾರಿಗೆ ಎಂದು ಕೇಳುವವನಿದ್ದೆ.

ಅಂತೂ ಪ್ಯಾಕೇಜು ಏರಿತು. ಪರದೆಯ ಮೇಲೆ ಅಭಿನಂದನೆ ಬಂತು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಸ್ಥಾಪನೆ ಮುಗಿದ ಮೇಲೆ ಸ್ಥಾಪನೆಯ ಫೋಲ್ಡರನ್ನು ಅಳಿಸಿಹಾಕಿ ಎಂದೂ ಇತ್ತು. ಅಭಿನಂದನೆ ಸಿಕ್ಕಿದ ಮೇಲೆ ಸಣ್ಣ ಅಕ್ಷರ ಓದುವವರು ಯಾರು? ನೇರವಾಗಿ ಧರಣೇಂದ್ರನಿಗೆ ವಿಳಾಸ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು.

"ಭಾವ, ಏನೋ ಸ್ವಾಗತ ಅಂತ ಬಂತು. ಮುಂದೆ, ಮುಂದೆ ಅಂತ ಒತ್ತಿದೆ. ಈಗ ನಾನೇ ಅದರ ಯಜಮಾನ ಅಂತ ಹೇಳ್ತಾ ಇದೆ. ಪಕ್ಷೇ ನಂಗೆ ಮೆಣಸು ಕೊಯ್ಯೋ ಸಮಯ, ಇದನ್ನ ನೋಡ್ಕೊಳ್ಳೋಕೆ ಆಗಲ್ಲ."

ನಾನು ಬಾಗಿಲು ಮಾಡಿದ್ದೆ, ಬಾಗಿಲ ಪಕ್ಕದ ಗೋಡೆ ಕಟ್ಟಿರಲಿಲ್ಲ. ಇನ್ನೊಮ್ಮೆ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಈ ಸಲ ಸ್ಥಾಪನೆಯ ಫೋಲ್ಡರನ್ನು ಅಳಿಸಿದೆ, ಹಾಡುಗಳನ್ನು ಏರಿಸಿದೆ. ಆಮೇಲೆ ಭದ್ರತೆಯ ವಿಚಾರಕ್ಕೆ ಕೈಹಾಕಿದೆ. ಅಲ್ಲಿಂದ ನನ್ನ ಪತನ ಆರಂಭವಾಯಿತು.

ಮೊದಲನೆಯದು ಪಾಸ್‌ವರ್ಡ್. ಕೇರಳದಲ್ಲಿ ಕುಳಿತು ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಟ್ಟರೆ ಯಾವ ಕಳ್ಳ ತಾನೆ ಮುರಿದಾನು? ನನಗೆ ಮರೆಯಲೂಬಾರದು. ಹಾಗಾಗಿ ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಒಬ್ಬರ ಹೆಸರಿರಲಿ ಎಂದು 'ಅನಂತ' ಎಂದಿಟ್ಟೆ. ನಮ್ಮ ನೆಂಟರೆಲ್ಲ ಬೆಳಗ್ಗೆ ಎದ್ದ ಕೂಡಲೇ ಆ ಇಪ್ಪತ್ತನಾಲ್ಕೂ ಹೆಸರು ಹೇಳಿಯೇ ಹಾಸಿಗೆ ಮಡಚುವವರು ಎಂಬ ಸಣ್ಣ ಸಂಗತಿ ಆಗ ನನಗೆ ಹೊಳೆಯಲಿಲ್ಲ. ಆಮೇಲೆ ಪಾಸ್‌ವರ್ಡ್ ಯಾರಿಗೆ ಕೊಡಬಹುದು ಎಂಬ ಪಟ್ಟಿ ಮಾಡಿದೆ. ಅತ್ತೆಯೂ ಫೋನ್ ಮಾಡಿ ಕೇಳಿದರು. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು ಎಂದೇ ನನ್ನ ತಿಳಿವಳಿಕೆ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅತ್ತೆ, ನಿಮಗೇಕೆ ಆ ತಾಪತ್ರಯ ಎಂದೆ.

"ನನ್ನ ಹಾಡು ನಾನು ಕೇಳೋಕೂ ಪಟ್ಟಿ ಬೇಕಾ ಅಳಿಯಂದಿರೇ?" ಎಂದರು ಅತ್ತೆ. "ಸಾರಮಿಲ್ಲ, ಬಿಡಿ."

ಧರಣೇಂದ್ರನ ಪಕ್ಷೇ ಎಂದರೆ ಆದರೆ ಎಂದಿರುವಂತೆ, ಸಾರಮಿಲ್ಲ ಎಂದರೆ ನಮ್ಮ ಕಡೆ ಪರವಾಗಿಲ್ಲ ಎಂದರ್ಥ. ಅವರು ದೊಡ್ಡ ಮನಸ್ಸಿನವರು ಎಂದುಕೊಂಡು ನಾನು ಫೋನಿಟ್ಟೆ.

ಎರಡನೆಯದು ಸಮಯ. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಆಮೇಲೆ ಬಾಯಿಗೆ ಬೀಗ. ನನ್ನ ಸರ್ವರ್‌ಗೂ ಅದೇ ನಿಯಮ ಹಾಕಿದೆ. ಸೂರ್ಯ ಮುಳುಗಿದ ಮೇಲೆ ಬಾಗಿಲು ತೆರೆಯದು. ಕಳ್ಳರು ಬರುವುದು ಕತ್ತಲೆಯಲ್ಲೇ ಅಲ್ಲವೇ? ನೆಂಟರು ಕೆಲಸ ಮುಗಿಸಿ ಮನೆಗೆ ಬರುವುದೂ ಕತ್ತಲೆಯಲ್ಲೇ ಎಂದು ಪ್ರಭಾವತಿ ಹೇಳಿದಳು. ಭದ್ರತೆಯ ಮುಂದೆ ಅನುಕೂಲ ನೋಡಲಾಗದು ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಮೂರನೆಯದಾಗಿ, ಬಾಗಿಲ ಬಳಿ ಯಾರು ಏನು ಬಡಿದರೂ ಬರೆದಿಟ್ಟುಕೊಳ್ಳುವ ಸೌಲಭ್ಯವನ್ನು ಚಾಲೂ ಮಾಡಿದೆ. ಮರುದಿನ ತೆರೆದು ನೋಡಿದೆ. ಯಾರೋ ಬಂದಿದ್ದರು. ವೃಷಭ ಎಂದು ಪ್ರಯತ್ನಿಸಿದ್ದರು, ಆಗಿರಲಿಲ್ಲ. ಅಜಿತ. ಸಂಭವ. ಅಭಿನಂದನ. ಒಂದೂ ಬಿಡದೆ, ಒಂದೂ ಹಿಂದುಮುಂದಾಗದೆ ಸಾಲಾಗಿ ಬಂದು ಅನಂತದಲ್ಲಿ ಒಳಗೆ ಹೊಕ್ಕಿದ್ದರು. ಎಲ್ಲ ಹಾಡುಗಳನ್ನೂ ಇಳಿಸಿಕೊಂಡು ಹೋಗಿದ್ದರು!

"ನಮ್ಮವರೇ ಯಾರೋ ಇರ್ಬೇಕು," ಎಂದಳು ಪ್ರಭಾವತಿ.

ನನಗೆ ಹಾಗೆ ಕಾಣಲಿಲ್ಲ. ಈ ಶಿಸ್ತು, ಈ ಕ್ರಮ, ಈ ತಾಳ್ಮೆ ನಮ್ಮವರಲ್ಲಿ ಎಲ್ಲಿದೆ? ಇದು ನಮ್ಮ ಸಮಾಜವನ್ನು ಆಳವಾಗಿ ಅಭ್ಯಾಸ ಮಾಡಿದ ಯಾವುದೋ ಹೊರದೇಶದ ತಂಡದ ಕೆಲಸ ಎಂದು ನನಗೆ ಖಚಿತವಾಯಿತು. ಅವರಿಗೆ ಅತ್ತೆಯ ತೊಟ್ಟಿಲ ಹಾಡು ಏಕೆ ಬೇಕು ಎಂಬುದೊಂದು ಮಾತ್ರ ಬಗೆಹರಿಯಲಿಲ್ಲ.

ಇನ್ನು ತಡಮಾಡುವಂತಿರಲಿಲ್ಲ. ಯಾವ ಇಂಟರ್ನೆಟ್ ಸಂಪರ್ಕದಿಂದ ಮೂರು ಸಲ ತಪ್ಪಿದರೂ ಆ ಕಡೆಯಿಂದ ಬರುವ ದಾರಿಯೇ ಶಾಶ್ವತವಾಗಿ ಮುಚ್ಚುವಂತೆ ಮಾಡಿದೆ. ಎಲ್ಲೂ ಹೆಚ್ಚಿನ ನಕಲು ಇರಬಾರದು ಎಂದು ಎಲ್ಲೋ ಓದಿದ್ದೆ. ಹಾಗಾಗಿ ನನ್ನ ಫೋನಿನಲ್ಲಿದ್ದ ಹಾಡುಗಳನ್ನು ಅಳಿಸಿದೆ. ಪ್ರಭಾವತಿಯ ಫೋನಿನಲ್ಲಿದ್ದುದನ್ನೂ ಅವಳು ಸ್ನಾನಕ್ಕೆ ಹೋದಾಗ ಅಳಿಸಿದೆ. ಸರ್ವರಿನಲ್ಲಿಯೂ ಹಾಡುಗಳು ಎರಡು ಕಡೆ ಕಾಣಿಸುತ್ತಿದ್ದವು. ಅಸಲು ಯಾವುದು, ನಕಲು ಯಾವುದು ಎಂಬ ಸಣ್ಣ ಗೊಂದಲವಾಯಿತು. ಎರಡನ್ನೂ ತೆರೆದು ನೋಡಿದೆ, ಎರಡರಲ್ಲೂ ಅವೇ ಹಾಡುಗಳು. ಯಾವುದಾದರೇನು ಎಂದು ಒಂದನ್ನು ಅಳಿಸಿ ಕೈತೊಳೆದುಕೊಂಡೆ. ಕೊನೆಗೆ ಪಾಸ್‌ವರ್ಡ್ ಬದಲಾಯಿಸಿದೆ. ನಾನು ಆರಿಸಿದರೆ ನನ್ನ ಮನಸ್ಸನ್ನು ಬಲ್ಲವರು ಊಹಿಸಿಯಾರು. ಆದ್ದರಿಂದ ಬಸದಿಯಿಂದ ತಂದ ಪಂಚಾಂಗದ ಪುಟದಲ್ಲಿ ಕಣ್ಣುಮುಚ್ಚಿ ಬೆರಳಿಟ್ಟು, ಬೆರಳ ಕೆಳಗೆ ಬಂದ ತೀರ್ಥಂಕರರ ಹೆಸರನ್ನೇ ಇಟ್ಟೆ. ನನ್ನ ಇಮೇಲಿಗೂ ಅದನ್ನೇ ಇಟ್ಟೆ. ಎಲ್ಲೂ ಬರೆದಿಡಲಿಲ್ಲ. ಬರೆದಿಡುವುದು ಭದ್ರತೆಗೆ ವಿರುದ್ಧ.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಹಾಡನ್ನು ಇಳಿಸಿಕೊಳ್ಳೋಣವೆಂದು ಕುಳಿತೆ. ವಿಮಲ ಎಂದು ಹಾಕಿದೆ. ಅಲ್ಲ. ಮಲ್ಲಿ. ಅಲ್ಲ. ನೇಮಿ ಎಂದು ಚೆನ್ನಾಗಿ ನೆನಪಿತ್ತು. ಅದೂ ಅಲ್ಲ. ನಮ್ಮ ಮನೆಯಿಂದ ದಾರಿ ಶಾಶ್ವತವಾಗಿ ಮುಚ್ಚಿತು.

ಸರ್ವರನ್ನು ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದೆ. ಬಾಗಿಲು ತೆರೆದುಕೊಡಬಹುದು, ಆದರೆ ನಿಮ್ಮ ಇಮೇಲಿನಿಂದ ಮನವಿ ಬರಬೇಕು ಎಂದರು. ಇಮೇಲಿಗೂ ಅದೇ ಬೀಗ ಎಂದೆ. ಹಾಗಾದರೆ ಗುರುತಿನ ದಾಖಲೆ ಕಳಿಸಿ, ಪರಿಶೀಲಿಸಲು ಕೆಲವು ದಿನ ಬೇಕು ಎಂದರು. ನನಗಿದ್ದುದು ಒಂದೇ ದಿನ.

ಪಕ್ಕದ ಮನೆಯ ವೈಫೈಯಿಂದ ಮೂರು ಹೆಸರು ಪ್ರಯತ್ನಿಸಿದೆ. ಪಕ್ಕದ ಮನೆಯೂ ಮುಚ್ಚಿತು. ಬಸ್ಸು ಹತ್ತಿ ಮಾನಂತವಾಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲೂ ಮುಚ್ಚಿತು. ಬಸ್ಸು ಹತ್ತಿ ಕಾಟಿಕುಳಕ್ಕೆ ಹೋದೆ. ಅಲ್ಲಿ ಟೀ ಅಂಗಡಿಯವರು ಪಾಪ ತಮ್ಮ ವೈಫೈ ಕೊಟ್ಟರು, ಅದನ್ನೂ ಮುಚ್ಚಿಸಿದೆ. ಊರಿಗೆ ಮೂರರಂತೆ ಇಪ್ಪತ್ತನಾಲ್ಕು ಹೆಸರು ಮುಗಿಯಬೇಕಾದರೆ ಇದು ತೀರ್ಥಯಾತ್ರೆಯೇ ಆಗುತ್ತದೆ ಎಂದು ಲೆಕ್ಕ ಹಾಕುತ್ತ ತಿರುನೆಲ್ಲಿಯ ಬಸ್ಸಿಗೆ ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ ಸೂರ್ಯ ಮುಳುಗಿದ. ನನ್ನ ಸರ್ವರು ಧರ್ಮಬದ್ಧವಾಗಿ ಕದ ಹಾಕಿಕೊಂಡಿತು. ನನ್ನ ಊಟವೂ ತಪ್ಪಿತು.

ಮನೆಗೆ ಬಂದು ಪ್ರಭಾವತಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ತನ್ನ ಫೋನು ತೆಗೆದು ಹುಡುಕಿದಳು, ಇನ್ನೊಮ್ಮೆ ಹುಡುಕಿದಳು.

"ನನ್ನ ಫೋನಿಂದಲೂ ಅಳಿಸಿದ್ರಾ?" ಎಂದು ಮೆಲ್ಲಗೆ ಕೇಳಿದಳು. "ಅದು ಅಮ್ಮನ ಸ್ವರ. ಇನ್ನು ಬೇಕು ಅಂದ್ರೂ ಅಮ್ಮಂಗೆ ಹಾಗೆ ಹಾಡೋಕೆ ಬರಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ತೃಶ್ಶಿಲೇರಿಗೆ ಸ್ಪೀಕರ್ ಹೊತ್ತುಕೊಂಡೇ ಹೋದೆ. ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸ್ಪೀಕರಿನ ಸ್ವಿಚ್ಚು ಹಾಕಿದೆ, ತೆಗೆದೆ, ವಯರನ್ನು ಹಿಡಿದು ಪರೀಕ್ಷಿಸುವವನಂತೆ ನಟಿಸಿದೆ. ಎಷ್ಟು ಹೊತ್ತು ಎಂದು ವಯರು ನೋಡುವುದು? ಕೊನೆಗೆ, ಹಾಡು ಇಲ್ಲ ಎಂದು ಹೇಳಲು ಬಾಯಿ ತೆರೆದೆ.

ಅತ್ತೆ ಹಾಡತೊಡಗಿದರು. ಮೊದಲನೆಯ ಸಾಲು. ಎರಡನೆಯ ಸಾಲು. ಪ್ರಭಾವತಿ ನನ್ನ ತೋಳು ಹಿಡಿದಳು. ಮೂರನೆಯದು ಬಂತು. ನಾಲ್ಕನೆಯದು ಬಂತು. ಸ್ವರ ಸ್ವಲ್ಪ ನಡುಗುತ್ತಿತ್ತು, ಮಾತು ಒಂದೂ ತಪ್ಪಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ಕೊನೆಯ ಸಾಲಿನವರೆಗೂ ಹಾಡಿ ಮುಗಿಸಿದರು. ಮಗು ನಿದ್ದೆಹೋಗಿತ್ತು. ನನ್ನ ಕಣ್ಣು ತುಂಬಿತ್ತು. ಹಾಡಿಗೋ, ಮರ್ಯಾದೆ ಉಳಿದ ಸಮಾಧಾನಕ್ಕೋ, ಇಂದಿಗೂ ನನಗೆ ಗೊತ್ತಿಲ್ಲ.

ಊಟವಾದ ಮೇಲೆ, ಇಷ್ಟು ಚೆನ್ನಾಗಿ ಹೇಗೆ ನೆನಪಾಯಿತು ಎಂದು ಅತ್ತೆಯನ್ನು ಕೇಳಿದೆ. ಅವರು ಸೊಂಟದಿಂದ ಹೊಳೆಯುವ ಒಂದು ಹೊಸ ಫೋನು ತೆಗೆದರು. ಮೊಮ್ಮಗ ಕೊಡಿಸಿದ್ದಂತೆ.

"ನೀವು ಕೊಡಲ್ಲ ಅಂದ್ರಿ. ನಮ್ಮ ಅಳಿಯಂದಿರು ಬೀಗ ಹಾಕಿದ್ರೆ ದೇವರ ಹೆಸರೇ ಹಾಕಿರ್ತಾರೆ ಅಂತ ಗೊತ್ತಿತ್ತು. ಬೆಳಗ್ಗೆ ಸ್ತೋತ್ರ ಹೇಳೋವಾಗ ಒಂದೊಂದೇ ಒತ್ತಿಕೊಂಡು ಹೋದೆ. ಅನಂತಸ್ವಾಮಿ ಕೈಬಿಡ್ಲಿಲ್ಲ. ದಿನಾ ಕೇಳಿ ಕೇಳಿ ಮತ್ತೆ ಕಲಿತೆ."

ಹೊರದೇಶದ ಆ ಶಿಸ್ತಿನ ತಂಡ ನನ್ನೆದುರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕುಳಿತಿತ್ತು.

ಕೆಲವು ದಿನಗಳ ಮೇಲೆ ಸರ್ವರ್ ಕೊಟ್ಟವರು ಬಾಗಿಲು ತೆರೆದುಕೊಟ್ಟರು. ನಾನು ಆತುರದಿಂದ ಒಳಗೆ ಹೋದೆ. ಹಾಡುಗಳ ಫೋಲ್ಡರನ್ನು ಒತ್ತಿದರೆ ಏನೂ ಇಲ್ಲ. ಅವರಲ್ಲೊಬ್ಬರು ಮಲಯಾಳದಲ್ಲಿ ತಾಳ್ಮೆಯಿಂದ ವಿವರಿಸಿದರು. ಎರಡು ಕಡೆ ಕಾಣುತ್ತಿದ್ದುದರಲ್ಲಿ ಒಂದು ನಿಜವಾದ ಹಾಡುಗಳು, ಇನ್ನೊಂದು ಬರೀ ಅಲ್ಲಿಗೆ ದಾರಿ ತೋರಿಸುವ ಹಲಗೆಯಂತೆ. ನಾನು ಹಲಗೆ ಉಳಿಸಿಕೊಂಡು ಮನೆಯನ್ನೇ ಅಳಿಸಿದ್ದೆ. ಅಷ್ಟು ಬೀಗ, ಅಷ್ಟು ಬಸ್ಸು, ಅಷ್ಟು ಊರುಗಳ ವೈಫೈ, ಎಲ್ಲ ಒಂದು ಖಾಲಿ ಗೂಡನ್ನು ಕಾಯುವುದಕ್ಕೆ!

ಹಾಡುಗಳನ್ನು ಕಳಿಸಿಕೊಡಿ, ಮತ್ತೆ ಏರಿಸುತ್ತೇನೆ ಎಂದು ಅತ್ತೆಗೆ ಫೋನ್ ಮಾಡಿದೆ.

"ಎಲ್ಲರಿಗೂ ಕಳಿಸಿದೀನಲ್ಲ," ಎಂದರು ಅತ್ತೆ. "ಪಕ್ಷೇ ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ ಅಳಿಯಂದಿರೇ. ನಿಮಗೇಕೆ ಆ ತಾಪತ್ರಯ."

ಹಾಡು ಪ್ರಭಾವತಿಯ ಫೋನಿನಲ್ಲಿದೆ. ಫೋನಿಗೆ ಅವಳು ಈಗ ಬೀಗ ಹಾಕಿದ್ದಾಳೆ. ದೇವರ ಹೆಸರೇ ಇರಬೇಕೆಂದು ನನ್ನ ಊಹೆ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ವೃಷಭರಿಂದ ಆರಂಭಿಸಿ ಕ್ರಮವಾಗಿ ಪ್ರಯತ್ನಿಸುತ್ತಿದ್ದೇನೆ. ಸದ್ಯ ಶೀತಲರವರೆಗೆ ಬಂದಿದ್ದೇನೆ.