ಗಿಳಿಗಳನ್ನು ನಡುವಿಗೆ ತಂದ ಗಣಿತ

ಪಕ್ಕದ ಮನೆಯ ಹುಡುಗಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ. ಪರದೆಯ ಮೇಲಿನ ಬಾಣವನ್ನು ಮೌಸ್ ಮುಟ್ಟದೆಯೇ, ಬರೀ ಪ್ರೋಗ್ರಾಂ ಬರೆದು, ಅಡ್ಡ ಇಷ್ಟು ಉದ್ದ ಇಷ್ಟು ಎಂದು ಅಂಕಿ ಕೊಟ್ಟು ಬೇಕಾದಲ್ಲಿ ನಿಲ್ಲಿಸಬಹುದೆಂದು ಮೊನ್ನೆ ತೋರಿಸಿದಳು. ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸಿದೆ. ಈ ವಿದ್ಯೆಯನ್ನು ನಾನು ಎಪ್ಪತ್ತರ ದಶಕದಲ್ಲಿಯೇ ಸೊಲ್ಲಾಪುರದಲ್ಲಿ ಪ್ರಯೋಗಿಸಿದ್ದೆ! ಬಾಣದ ಬದಲು ಎರಡು ಗಿಳಿಗಳಿದ್ದವು, ಅಷ್ಟೇ.

ಆಗ ನಾನು ಕಚೇರಿಯೊಂದರಲ್ಲಿ ಗುಮಾಸ್ತ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದೆ, ಯಾರೂ ಕೇಳದಿದ್ದರೂ ಅದನ್ನು ಹೇಳುತ್ತಿದ್ದೆ. ನನ್ನ ಹೆಂಡತಿ ಶಾಂತಾಳ ತವರು ಅಕ್ಕಲಕೋಟೆ. ಅವಳ ತಂಗಿ ಪದ್ಮಾಳ ಲಗ್ನ ಗೊತ್ತಾಯಿತು. ಅವರ ಮನೆಯಲ್ಲಿ ಒಂದು ಪದ್ಧತಿಯಿದೆ: ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣನ್ನು ಹಿರಿಯ ಅಳಿಯ ತಂದ ಹೊಸ ಚಾದರದ ಮೇಲೆ ಕೂರಿಸಿ ಆರತಿ ಮಾಡುತ್ತಾರೆ. ಹಿರಿಯ ಅಳಿಯ ಎಂದರೆ ನಾನು. ಶಾಂತಾ ತವರಿಗೆ ಪತ್ರ ಬರೆದು, ನಮ್ಮವರು ಅಂಗಡಿಯ ಚಾದರ ತರುವುದಿಲ್ಲ, ತಾವೇ ನಕ್ಷೆ ಹಾಕಿ ನೇಯಿಸುತ್ತಾರೆ, ನಟ್ಟನಡುವೆ ಕೊಕ್ಕಿಗೆ ಕೊಕ್ಕು ತಾಗಿಸಿದ ಜೋಡಿ ಗಿಳಿ ಇರುತ್ತವೆ ಎಂದು ತಿಳಿಸಿಬಿಟ್ಟಳು. ಬಡಾಯಿ ನನ್ನದು, ಪಾಪ, ಅವಳು ನಂಬಿದ್ದಳು.

"ತವರ್ಯಾಗ ನನ್ನ ಮಾನ ಈಗ ನಿಮ್ಮ ಕೈಯಾಗ ಅದ ನೋಡ್ರಿ," ಎಂದಳು.

ಪರಿಚಯದ ಮಗ್ಗದ ಬಸಪ್ಪನ ಹತ್ತಿರ ಗಿಳಿಗಳ ಹಳೆಯ ಕಾರ್ಡುಗಳಿದ್ದವು. ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ತಿರುಗುತ್ತಿರುತ್ತದೆ. ಒಂದು ಕಾರ್ಡಿಗೆ ನೇಯ್ಗೆಯ ಒಂದು ಸಾಲು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ತೂತು ಸರಿದರೆ ಗಿಳಿಯೂ ಸರಿಯಿತು! ಬಸಪ್ಪನ ಚಾದರದಲ್ಲಿ ಗಿಳಿಗಳು ಎಡಭಾಗದಲ್ಲಿದ್ದವು, ಬಲಭಾಗದಲ್ಲಿ ಯಾರದೋ ಹೆಸರಿತ್ತು. ಹೆಸರನ್ನು ಕಿತ್ತುಹಾಕಿ, ಪ್ರತಿ ತೂತನ್ನೂ ಅಗಲದ ಕಾಲು ಭಾಗದಷ್ಟು ಬಲಕ್ಕೆ ಸರಿಸಿದರೆ ಗಿಳಿಗಳು ನಡುವಿಗೆ ಬರಲೇಬೇಕು. ಒಂದು ತುದಿ ದಾಟಿದ ತೂತನ್ನು ಇನ್ನೊಂದು ತುದಿಯಿಂದ ಒಳಗೆ ತರತಕ್ಕದ್ದು ಎಂಬ ನಿಯಮವನ್ನೂ ನಾನೇ ರಚಿಸಿದೆ. ಒಂದು ತೂತೂ ವ್ಯರ್ಥವಾಗಬಾರದು ನೋಡಿ.

ಬಸಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅರ್ಧ ಗಂಟೆ ಅವನಿಗೆ ಗಣಿತ ಬೋಧಿಸಿದೆ. ಬಾಯಿ ಮುಚ್ಚಿದ.

ಆರು ಭಾನುವಾರ ಕೂತು ಹೊಸ ಕಾರ್ಡು ಕೊರೆದೆ. ಬೆರಳಲ್ಲಿ ಬೊಕ್ಕೆ ಎದ್ದವು. ರಟ್ಟಿನ ಸಣ್ಣ ಸಣ್ಣ ಬಿಲ್ಲೆಗಳು ಹಾಸಿಗೆಯಲ್ಲಿ, ತಲೆಯಲ್ಲಿ, ಕೊನೆಗೆ ಬೇಳೆಯಲ್ಲೂ ಸಿಕ್ಕವು. ಶಾಂತಾ ಅವನ್ನು ಹೆಕ್ಕಿ ತಟ್ಟೆಯ ಪಕ್ಕಕ್ಕಿಟ್ಟು, ನಗುತ್ತಲೇ ಬಡಿಸಿದಳು.

ಊರಿಗೆ ಹೊರಡುವ ಹಿಂದಿನ ದಿನ ಬಸಪ್ಪ ನನ್ನ ಕಾರ್ಡುಗಳ ಕಟ್ಟನ್ನು ವಾಪಸು ಕೊಟ್ಟು, ಚಾದರ ಬಿಡಿಸಿದ. ಇಬ್ಬರು ಹೊದೆಯುವಷ್ಟು ದೊಡ್ಡ ಚಾದರ. ನಡುವೆ ಬಟಾಬಯಲು! ಒಂದು ಗಿಳಿ ಈ ಅಂಚಿಗೆ, ಇನ್ನೊಂದು ಆ ಅಂಚಿಗೆ. ಪರಸ್ಪರ ಬೆನ್ನು ತಿರುಗಿಸಿ, ಮಾತು ಬಿಟ್ಟವರಂತೆ ಹೊರಗೆ ನೋಡುತ್ತಿದ್ದವು.

"ಸಾಹೇಬ್ರ, ನಾವು ಚಾದರ ಬೋರಲ ನೇಯ್ತೀವ್ರಿ," ಎಂದ ಬಸಪ್ಪ. "ಚಲೋ ಮಗ್ಗಲಾ ಕೆಳಗಿರ್ತದ. ನೀವು ಬಲಕ್ಕ ಸರಿಸಿದ್ದು ಚಾದರದಾಗ ಎಡಕ್ಕ ಹೋತು. ಅವತ್ತ ಅದನ್ನ ಹೇಳಾಕ ಬಂದಿದ್ದೆ. ನೇಯೋವಾಗೂ ಕಂಡಿತ್ತ ಖರೆ, ಗಣಿತ ಇರಬೇಕು ಅಂತ ಸುಮ್ಮನಾದೆ."

ಸೊಲ್ಲಾಪುರದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ ಒಬ್ಬನೇ ಒಬ್ಬ ಪದವೀಧರನಾಗಿದ್ದ!

ಶಾಂತಾ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಚಾದರವನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಮರುದಿನ ಬಸ್ಸು ವಳಸಂಗದಲ್ಲಿ ನಿಂತಾಗ ಪೇರಲೆ ಹಣ್ಣು ಕೊಡಿಸಿದೆ. ಕಿಟಕಿಯ ಕಡೆ ತಿರುಗಿ ತಿಂದಳು.

ಲಗ್ನದ ದಿನ ಆರತಿಯ ಹೊತ್ತಿಗೆ ಚಾದರ ಹಾಸಿದರು. ಮಂಟಪದಲ್ಲಿ ಗುಜುಗುಜು ಶುರುವಾಯಿತು. ಗಂಡಿನ ತಾಯಿ ಬಗ್ಗಿ ನೋಡಿ, "ಇವ್ಯಾಕ ಬೆನ್ನ ತಿರುವಿ ಕುಂತಾವ?" ಎಂದರು. ಅಂಥ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಅಪಶಕುನ ಬೇಕೆ? ಮಾವನವರು ಮಂಟಪದ ಚಪ್ಪರ ನೋಡತೊಡಗಿದರು. ಶಾಂತಾಳ ಕಣ್ಣು ತುಂಬಿತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಗಣಿತ ಆ ಹೊತ್ತಿಗೆ ಒಂದಕ್ಷರವೂ ನೆನಪಾಗಲಿಲ್ಲ.

ಆಗ ಶಾಂತಾಳ ಅಜ್ಜಿ ಗಂಗವ್ವ ಕೋಲೂರಿ ಬಂದಳು. ಒಂದು ಅಂಚಿನ ಗಿಳಿಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಚಾದರ ಅಂದ್ರ ಹೊಚ್ಚಾಕ ಇರೋದು. ಹಾಸಾಕ ಯಾರ ಹೇಳಿದ್ರ ನಿಮಗ?" ಎಂದು ಅದನ್ನು ಎತ್ತಿಸಿ, ಬರಿಯ ಮಣೆಯ ಮೇಲೆ ಕೂತ ಗಂಡು ಹೆಣ್ಣಿಗೆ ಬೆನ್ನ ಕಡೆಯಿಂದ ಸೇರಿಸಿ ಹೊದಿಸಿದಳು. ಎರಡು ಅಂಚೂ ಮುಂದಕ್ಕೆ ಬಂದವು. ಎರಡು ಗಿಳಿಗಳೂ ಎದುರುಬದುರಾದವು! ಕೊಕ್ಕುಗಳ ನಡುವೆ ಒಂದು ಗೇಣು ಮಾತ್ರ ಉಳಿಯಿತು.

"ಇನ್ನೊಂದೀಟ ಹತ್ತರ ಸರೀರಿ, ಗಿಳಿ ಮುಟ್ಟವಲ್ಲವು," ಎಂದಳು ಅಜ್ಜಿ.

ಮದುಮಗ ಕೆಂಪಾಗಿ ಅಷ್ಟು ಸರಿದ. ಪದ್ಮಾ ತಲೆ ತಗ್ಗಿಸಿ ಇಷ್ಟು ಸರಿದಳು. ಕೊಕ್ಕು ಕೂಡಿದವು. ಮಂಟಪವೆಲ್ಲ ನಗೆ, ಮೊದಲು ಅಕ್ಷತೆ ಎರಚಿದವರು ಗಂಡಿನ ತಾಯಿಯೇ. ಮಾವನವರು ಚಪ್ಪರದಿಂದ ದೃಷ್ಟಿ ಇಳಿಸಿ, ನಮ್ಮ ಹಿರಿಯ ಜಾವಯಿ ಗಣಿತದಲ್ಲಿ ಬಿ.ಎಸ್ಸಿ. ಎಂದು ಎಲ್ಲರಿಗೂ ತಿಳಿಸಿದರು. ನಾನು ವಿನಯದಿಂದ ಕೈಮುಗಿದೆ. ಗಂಡಿನ ತಾಯಿ ತಮ್ಮ ಕಿರಿಯ ಮಗನ ಲಗ್ನಕ್ಕೂ ಇಂಥದೇ ಬೇಕೆಂದರು. ಆಗಲಿ ಎಂದೆ.

ಶಾಂತಾ ಎರಡು ದಿನದ ಮೇಲೆ ಮೊದಲ ಸಲ ನಕ್ಕು, ಕಿವಿಯ ಹತ್ತಿರ ಬಂದಳು. "ಅಹೋ, ಇಂಥಾ ತಪ್ಪ ಇನ್ನೊಮ್ಮೆ ಮಾಡಾಕ ಬರ್ತದೇನ್ರಿ ನಿಮಗ?"

ಅದೇನು ಮಹಾ ಎಂದುಕೊಂಡೆ. ಅವೇ ಕಾರ್ಡು ಮಗ್ಗಕ್ಕೆ ಏರಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವನ್ನು ನಾನು ಊರಿಗೆ ಹೊರಡುವ ಮುಂಜಾನೆ ಸಿಟ್ಟಿನಲ್ಲಿ ಬಚ್ಚಲೊಲೆಗೆ ಹಾಕಿ, ಅದೇ ಬಿಸಿನೀರಿನಲ್ಲಿ ಸ್ನಾನ ಮಾಡಿದ್ದೆ! ಮತ್ತೆ ಆರು ಭಾನುವಾರ ಕೂತೆ. ಈ ಸಲ ಬೋರಲು ನೇಯ್ಗೆಯನ್ನು ಚೆನ್ನಾಗಿ ನೆನಪಿಟ್ಟುಕೊಂಡೆ, ಎಡ ಬಲ ಅದಲುಬದಲು ಮಾಡಿದೆ, ಮೂರು ಸಲ ತಾಳೆ ನೋಡಿದೆ. ಬಸಪ್ಪ ಚಾದರ ತಂದು ಬಿಡಿಸಿದ. ಗಿಳಿಗಳು ನಟ್ಟನಡುವೆ, ಕೊಕ್ಕಿಗೆ ಕೊಕ್ಕು ಹಚ್ಚಿ ಕೂತಿದ್ದವು. ಒಂದೆಳೆ ಆಚೀಚೆ ಇಲ್ಲ.

"ಈ ಸಲ ಗಣಿತ ಬರೋಬರ್ ಬಂತ್ರಿ, ಸಾಹೇಬ್ರ," ಎಂದು ಬಸಪ್ಪ ಮನಸಾರೆ ಹೊಗಳಿದ.