ಬಾಳೆಗೊನೆಗೆ ಕೆಂಪು ಕೋಟಿನ ಕಾವಲು

ನಿವೃತ್ತಿಯಾದ ಮೇಲೆ ಕೆಲವರಿಗೆ ಭಕ್ತಿ ಹೆಚ್ಚುತ್ತದೆ, ಕೆಲವರಿಗೆ ಮಂಡಿನೋವು. ನನಗೆ ಹೆಚ್ಚಿದ್ದು ವಸಾಹತು ಕಾಲದ ಯುದ್ಧಗಳ ಸಿನಿಮಾ ನೋಡುವ ಚಟ. ಎಲ್ಲವೂ ಹೆಚ್ಚುಕಡಿಮೆ ಒಂದೇ. ಬಿಸಿಲಿನ ದೇಶ, ಕೆಂಪು ಕೋಟಿನ ನೂರು ಸಿಪಾಯಿಗಳು, ಸುತ್ತಲಿನ ಗುಡ್ಡದ ತುಂಬ ಆ ನೆಲದ ಜನ. ನಡುವೆ ಒಬ್ಬ ಕ್ಯಾಪ್ಟನ್ ಚಹಾ ಕುಡಿಯುತ್ತ, ದನಿ ಏರಿಸದೆ, "ಇನ್ನೂ ಬೇಡ, ಹತ್ತಿರ ಬರಲಿ" ಎನ್ನುತ್ತಾನೆ. ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂಗಾಡದೆ ಪುಟಗಳನ್ನು ಮುದ್ರಣಕ್ಕೆ ಕಳಿಸಿದ ನನಗೆ ಅವನಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಹಾಗಾಗಿ ನಿಟ್ಟೆಯ ಕಾಲೇಜಿನ ವಿದ್ಯಾರ್ಥಿಗಳು ನಾಯಕತ್ವದ ಬಗ್ಗೆ ಮಾತಾಡಲು ಕರೆದಾಗ ವಿಷಯ ಹುಡುಕಬೇಕಾಗಲಿಲ್ಲ.

ಅದೇ ವಾರ ಅಲೆವೂರಿನ ನಮ್ಮ ಹಿತ್ತಿಲಿಗೆ ಮಂಗಗಳು ಬರತೊಡಗಿದವು. ಅಲ್ಲಿ ಒಂದು ಕದಳಿ ಬಾಳೆಯ ಗೊನೆ ಇತ್ತು. ಶನಿವಾರದ ಪೂಜೆಗೆಂದು ಹೆಂಡತಿ ಶಾರದೆ ಅದನ್ನು ಮೂರು ತಿಂಗಳಿಂದ ಕಾಯುತ್ತಿದ್ದಳು. ಮನೆಯ ಹಣ್ಣೆಂದು ತನ್ನ ಅಣ್ಣಂದಿರಿಗೆಲ್ಲ ಫೋನಿನಲ್ಲಿ ಹೇಳಿಯೂ ಆಗಿತ್ತು.

"ಬೆಳೆದದ್ದು ಉಂಟು. ಇವತ್ತೇ ಕಡಿದು ಗೋಣಿ ಮುಚ್ಚಿ ಇಡುವಾ" ಎಂದಳು.

"ಇನ್ನೂ ಬೇಡ" ಎಂದೆ. ಭಾಷಣಕ್ಕೆ ಮೊದಲು ಆ ಕ್ಯಾಪ್ಟನ್ನನ ಪಾಠವನ್ನು ಒಮ್ಮೆ ಪ್ರಯೋಗಿಸಿ ನೋಡುವ ಆಸೆ ನನ್ನದೆಂದು ಅವಳಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶಾರದೆಯನ್ನು ತಟ್ಟೆ, ಸೌಟು ಕೊಟ್ಟು ಬಾವಿಯ ಬಳಿ ನಿಲ್ಲಿಸಿದೆ. ದುಬೈಯಲ್ಲಿ ಅಂಗಡಿ ನಡೆಸಿ ಬಂದ ಪಕ್ಕದ ಮನೆಯ ಹಮೀದಾಕ ಪಟಾಕಿ ಹಿಡಿದು ನಮ್ಮ ಕಂಪೌಂಡಿನ ಗೋಡೆಗೆ ಬಂದರು. ಗೊನೆಯ ಮುಂದೆ ನಾನು, ಕೈಯಲ್ಲಿ ಶಾರದೆ ತಂದುಕೊಟ್ಟ ಚಹಾ. ಗಡವ ಮಂಗವೊಂದು ಗೋಡೆ ಹತ್ತಿ ಹಲ್ಲು ಕಿರಿಯಿತು.

"ಪಟಾಕಿ ಬಿಡುವುದಾ ರಾಯರೇ?"

"ಇನ್ನೂ ಬೇಡ."

ಅದು ಹತ್ತಿರ ಬಂತು. "ಈಗ" ಎಂದೆ. ತಟ್ಟೆ ಗಣಗಣಿಸಿತು, ಪಟಾಕಿ ಸಿಡಿಯಿತು, ಮೂವರೂ ಅದನ್ನು ಗೇಟಿನ ತನಕ ಓಡಿಸಿದೆವು. ತಿರುಗಿ ನೋಡಿದರೆ ಹಿಂದಿನ ಹಲಸಿನ ಮರದಿಂದ ಆರೇಳು ಮಂಗಗಳು ಇಳಿದು ಗೊನೆಯನ್ನು ಬರೀ ದಿಂಡು ಮಾಡಿದ್ದವು. ಮೇಲಿನ ಗೆಲ್ಲಿನಲ್ಲಿ ಒಂದು ಮುದಿ ಹೆಣ್ಣು ಮಂಗ ಅಷ್ಟು ಹೊತ್ತೂ ಕುಳಿತಲ್ಲಿಂದ ಕದಲದೆ, ಒಮ್ಮೆಯೂ ದನಿ ತೆಗೆಯದೆ, ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಕೊನೆಗೆ ಅದಕ್ಕೂ ಒಂದು ಪಾಲು ತಲುಪಿತು.

ಶಾರದೆ ಸೌಟನ್ನು ನನ್ನ ಕೈಗೆ ಕೊಟ್ಟಳು. "ಅಣ್ಣಂದಿರಿಗೆ ನೀವೇ ಫೋನ್ ಮಾಡಿ, ಕ್ಯಾಪ್ಟನ್" ಎಂದು ಒಳಗೆ ಹೋದಳು.

ಹಮೀದಾಕ ಮೆಟ್ಟಿಲಲ್ಲಿ ಕುಳಿತು ಸಿನಿಮಾದ ಕತೆಯನ್ನೆಲ್ಲ ಕೇಳಿಸಿಕೊಂಡರು. "ಅಲ್ಲ ಮಾರಾಯ್ರೇ, ಆ ಗುಡ್ಡದ ಮೇಲಿನವರು ನಮ್ಮ ಅಜ್ಜಂದಿರ ಹಾಗಿನವರು ಅಲ್ವಾ? ನೀವು ಎಂತ ಆ ಕೋಟಿನವನ ಕಡೆ ಕೂತದ್ದು?"

ಮೂವತ್ತು ವರ್ಷ ವರದಿಗಾರರಿಗೆ ನಾನು ಕೇಳುತ್ತಿದ್ದ ಪ್ರಶ್ನೆಯೂ ಅದೇ: ಇನ್ನೊಂದು ಕಡೆಯವರನ್ನು ಮಾತಾಡಿಸಿದಿರಾ?

ಶನಿವಾರದ ಪೂಜೆಗೆ ಉಡುಪಿಯ ಮಾರುಕಟ್ಟೆಯ ಹಣ್ಣು ಬಂತು. ಭಾವಂದಿರು ರುಚಿ ಇದೆ ಎಂದರು, ಶಾರದೆಯೂ ನಕ್ಕಳು. ನಿಟ್ಟೆಯಲ್ಲಿ ನಾನು ಹಲಸಿನ ಮರದ ಆ ನಾಯಕಿಯ ಬಗ್ಗೆ ಮಾತಾಡಿದೆ, ವಿದ್ಯಾರ್ಥಿಗಳಿಗೆ ಹಿಡಿಸಿತು. ಈಗ ಅವೇ ಸಿನಿಮಾಗಳನ್ನು ಗುಡ್ಡದವರ ಕಡೆಯಿಂದ ಮತ್ತೆ ನೋಡುತ್ತಿದ್ದೇನೆ. ಪಕ್ಷ ಬದಲಾಯಿಸುವುದು ಅಷ್ಟು ಕಷ್ಟವಾಗಲಿಲ್ಲ. ಚಹಾ ಮಾತ್ರ ಈಗಲೂ ಶಾರದೆಯೇ ತಂದುಕೊಡಬೇಕು.