ಎರಡನೇ ಆಲ್ಬಮ್ಮೂ ಪಕ್ಕದ ಮನೆಯ ಗೋಡೆಯೂ

ಪಕ್ಕದ ಮನೆಯ ಟೀಚರಮ್ಮ ಗೋಡೆ ಗುದ್ದುವುದನ್ನು ನಿಲ್ಲಿಸಿ ಆರು ತಿಂಗಳಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಪೀಡೆ ತೊಲಗಿತು ಎಂದು ಹಾಯಾಗಿರುತ್ತಿದ್ದರು. ಗುಡುಗನಿಗೆ ಮಾತ್ರ ಅದೇ ಚಿಂತೆಯಾಗಿಬಿಟ್ಟಿತ್ತು.

ಗುಡುಗ ಎಂಬುದು ಅಡ್ಡಹೆಸರು. ನಾಲ್ಕು ಜನರ ಒಂದು ರಾಕ್ ಬ್ಯಾಂಡಿನಲ್ಲಿ ಅವನು ಡ್ರಮ್ಮರ್. ಅವರ ಮೊದಲ ಆಲ್ಬಮ್ ರೆಕಾರ್ಡ್ ಆದದ್ದು ಅವನ ಬಾಡಿಗೆ ಕೋಣೆಯಲ್ಲಿ. ಆಗ ಟೀಚರಮ್ಮ ತಮ್ಮ ಅಡುಗೆಮನೆಯಿಂದ ಲಟ್ಟಣಿಗೆಯಲ್ಲಿ ಗೋಡೆ ಗುದ್ದಿದ ಸದ್ದೂ ಅದರೊಳಗೆ ಸೇರಿಹೋಗಿತ್ತು. ಹಾಡಿನ ಗಲಾಟೆಯಲ್ಲಿ ಉಳಿದವರಿಗೆ ತಿಳಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಗುಡುಗನಿಗೆ ತಿಳಿದಿತ್ತು. ಆಲ್ಬಮ್ ಹೊರಬಂದಾಗ ಕೇಳಿದವರೆಲ್ಲ ಹೊಗಳಿದ್ದು ಆ ಸದ್ದನ್ನೇ. "ಡ್ರಮ್ಸಿನ ಹಿಂದೆ ಇನ್ನೊಂದು ಡ್ರಮ್ಸ್ ಇದ್ದಂತಿದೆ, ಎಂಥಾ ಹುರುಪು!" ಎಂದು ಒಂದು ಪತ್ರಿಕೆ ಬರೆಯಿತು. ಗುಡುಗ ನಾಚಿಕೊಂಡು ತಲೆ ತಗ್ಗಿಸಿದ. ಬಾಯಿ ಬಿಡದೆ ತಲೆ ತಗ್ಗಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂಬುದು ಅವನ ನಂಬಿಕೆ.

ಈಗ ಎರಡನೇ ಆಲ್ಬಮ್. ದೊಡ್ಡ ಸ್ಟುಡಿಯೋದಲ್ಲಿ ಎಷ್ಟು ಬಾರಿಸಿದರೂ ಆ ಸದ್ದು ಬರಲಿಲ್ಲ. ಇರುವ ಎರಡು ಕೈಯಲ್ಲಿ ಮೂರು ಕೈಯ ಕೆಲಸ ಎಲ್ಲಿಂದ ಬಂದೀತು? ಹೆದರಿದ ಬಡಪಾಯಿ, ಟಿಕ್ ಟಿಕ್ ಎಂದು ತಾಳ ಎಣಿಸುವ ಯಂತ್ರವೊಂದನ್ನು ತಂದು ಮನೆಯಲ್ಲಿ ಆರು ತಿಂಗಳು ಅಭ್ಯಾಸ ಮಾಡಿದ. ಆದರೂ ಬರಲಿಲ್ಲ. ಕೊನೆಗೆ ಆ ದಿನ ಬೆಳಿಗ್ಗೆ ಬ್ಯಾಂಡಿನ ಹಾಡುಗಾರ್ತಿ ಫೋನ್ ಮಾಡಿದಳು. ಬ್ಯಾಂಡಿನಲ್ಲಿ ನಡೆಯುವುದು ಅವಳ ಮಾತೇ.

"ನಾಲ್ಕು ಗಂಟೆಗೆ ಮೈಕೆಲ್ಲ ಹೊತ್ಕೊಂಡು ನಿನ್ ರೂಮಿಗೇ ಬರ್ತೀವಿ. ಆ ಸದ್ದು ಬಂತೋ, ಸರಿ. ಇಲ್ಲಾಂದ್ರೆ ಬೇರೆ ಡ್ರಮ್ಮರ್‌ನ ನೋಡಿಟ್ಟಿದೀನಿ. ಬೇಜಾರ್ ಮಾಡ್ಕೋಬೇಡ."

ಟೀಚರಮ್ಮನ ಕಿವಿ ಮಂದವಾಯಿತೋ, ಮನಸ್ಸು ದೊಡ್ಡದಾಯಿತೋ, ಅಂತೂ ನಾಲ್ಕರೊಳಗೆ ಅವರಿಗೆ ಸಿಟ್ಟು ಬರಿಸಲೇಬೇಕಿತ್ತು. ಗುಡುಗ ಹತ್ತು ಗಂಟೆಗೆ ಕಿಟಕಿ ಬಾಗಿಲು ತೆರೆದಿಟ್ಟು ಶುರು ಮಾಡಿದ. ಗೋಡೆ ತೆಪ್ಪಗಿತ್ತು. ಹನ್ನೊಂದಕ್ಕೆ ಡ್ರಮ್ಸನ್ನು ಗೋಡೆಗೇ ಒತ್ತಿ ನಿಲ್ಲಿಸಿ ಬಾರಿಸಿ, ಸುಸ್ತಾಗಿ ಕೈ ಬಿಟ್ಟ. ಕೆಳಗಿನ ಮನೆಯ ಟೈಲರ್ ಏದುಸಿರು ಬಿಡುತ್ತ ಮೇಲೆ ಓಡಿಬಂದ.

"ನಿಲ್ಲಿಸ್ಬಿಟ್ಟೆ ಯಾಕಪ್ಪ? ನಿನ್ ತಾಳಕ್ಕೇ ಮೆಷಿನ್ ತುಳೀತಾ ಇದ್ದೆ. ಎರಡು ಪ್ಯಾಂಟ್ ಆಯ್ತು, ಒಂದು ಹೊಲಿಗೆನೂ ಸೊಟ್ಟ ಇಲ್ಲ!"

ಹನ್ನೆರಡಕ್ಕೆ ಪಾತ್ರೆಗಳ ಮುಚ್ಚಳವನ್ನೂ ಸೇರಿಸಿಕೊಂಡು ಬಾರಿಸಿದ. ಈ ಸಲ ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. ಕೈಯಲ್ಲಿ ದೂರಿನ ಪತ್ರವಿತ್ತು.

"ಹನ್ನೊಂದು ಮನೆಯವರು ಸಹಿ ಹಾಕಿದಾರೆ. ಓದ್ಕೊಳ್ಳಿ."

ಗುಡುಗ ಆಸೆಯಿಂದ ಓದಿದ. ಬೇಕಾದ ಸಹಿಯೊಂದು ಬಿಟ್ಟು ಎಲ್ಲ ಇದ್ದವು.

"ಸಾರ್, ಪಕ್ಕದ ಮನೆ ಟೀಚರಮ್ಮಂದೂ ಒಂದು ಹಾಕಿಸ್ಕೊಂಡು ಬನ್ನಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

"ಕೇಳ್ದೆ ಕಣ್ರೀ. ನನಗೇನೂ ತೊಂದರೆ ಇಲ್ಲ ಅಂದ್ಬಿಟ್ರು."

ತನ್ನ ಮೇಲಿನ ದೂರಿಗೆ ತಾನೇ ಸಹಿ ಕೂಡಿಸಲು ಹೊರಟವನನ್ನು ಕಾರ್ಯದರ್ಶಿ ಅದೇ ಮೊದಲು ನೋಡುತ್ತಿದ್ದರು. ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ಎರಡೆರಡು ಸಲ ತಿರುಗಿ ನೋಡುತ್ತ ಮೆಟ್ಟಿಲಿಳಿದರು.

ಮೂರೂವರೆಗೆ ಗುಡುಗ ಸೋಲೊಪ್ಪಿಕೊಂಡ. ಟೀಚರಮ್ಮನ ಬಾಗಿಲು ತಟ್ಟಿ, ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿ, "ಒಂದೇ ಒಂದು ಸಲ ಸಿಟ್ಟು ಮಾಡ್ಕೊಂಡು ಗುದ್ದಿ, ಟೀಚರ್" ಎಂದು ಕೈಮುಗಿದ.

"ಸಿಟ್ಟಿಗೆ ಯಾರು ಗುದ್ದಿದ್ರು?" ಎಂದರು ಟೀಚರಮ್ಮ. "ಮೂವತ್ತು ವರ್ಷ ಸ್ಕೂಲಲ್ಲಿ ಡ್ರಿಲ್ ಮಾಡಿಸಿದವಳು ನಾನು. ಐನೂರು ಮಕ್ಕಳ ಕಾಲು ಒಟ್ಟಿಗೇ ನೆಲಕ್ಕೆ ಬೀಳ್ತಿತ್ತು. ನೀನು ಶುರು ಮಾಡಿದ ಎರಡೇ ನಿಮಿಷಕ್ಕೆ ತಾಳ ಬಿಟ್ಟು ಓಡ್ತಿದ್ದೆ. ಕೇಳಕ್ಕಾಗ್ದೆ ನಾನೇ ಸರಿ ತಾಳ ಹೊಡೆದು ತೋರಿಸ್ತಿದ್ದೆ. ಈಗ ಆರು ತಿಂಗಳಿಂದ ಒಂದೇಟೂ ತಪ್ಪಿಲ್ಲ ಕಣಪ್ಪ. ತುಂಬಾ ಚೆನ್ನಾಗಿ ಕಲ್ತಿದೀಯ."

ಗುಡುಗನ ಕಣ್ಣು ತುಂಬಿಬಂತು. ಅವನೇ ಬಾರಿಸಿದ್ದನ್ನು ಒಬ್ಬರು ಹೊಗಳಿದ್ದು ಜೀವಮಾನದಲ್ಲಿ ಇದೇ ಮೊದಲು. ಅದು ಇವತ್ತೇ ಆಗಬೇಕಿತ್ತೇ ಎಂದು ದುಃಖವೂ ಆಯಿತು.

"ಹಾಗಾದ್ರೆ ಇವತ್ತೊಂದಿನ ಸುಮ್ನೆ..."

"ಸರಿಯಾಗಿ ಬಾರಿಸೋರನ್ನ ತಿದ್ದೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದು ಬಾಗಿಲು ಹಾಕಿಕೊಂಡರು.

ನಾಲ್ಕಕ್ಕೆ ಬ್ಯಾಂಡ್ ಬಂತು. ರೆಕಾರ್ಡಿಂಗಿನವನು ಡ್ರಮ್ಸಿಗೆ ಮೂರು ಮೈಕು, ಗೋಡೆಯ ಪಕ್ಕ ಒಂದು ಮೈಕು ನಿಲ್ಲಿಸಿದ. ಗುಡುಗ ಕಣ್ಣು ಮುಚ್ಚಿಕೊಂಡು, ಮನಸ್ಸಿಟ್ಟು, ತಪ್ಪಾಗಿ ಬಾರಿಸತೊಡಗಿದ. ಆರು ತಿಂಗಳು ಬೆವರು ಸುರಿಸಿ ಕಲಿತದ್ದನ್ನು ಕೆಡಿಸುವುದಕ್ಕೆ ಅದರ ಎರಡರಷ್ಟು ಬೆವರು ಸುರಿಯಿತು. ಗೋಡೆ ಎರಡು ನಿಮಿಷ ತಡೆದುಕೊಂಡಿತು. ಆಮೇಲೆ ಬಂತು: ಠಕ್, ಠಕಠಕ್, ಠಕ್.

ಹಾಡುಗಾರ್ತಿ ಮೈಮರೆತು ಹಾಡಿದಳು. ಹಾಡು ಮುಗಿದ ಮೇಲೆ ಎಲ್ಲರೂ ಸೇರಿ ಕೇಳಿಸಿಕೊಂಡರು. ಗುಡುಗನಿಗೆ ಹೋದ ಜೀವ ಬಂದಂತಾಯಿತು.

"ಒಂದ್ನಿಮಿಷ," ಎಂದ ರೆಕಾರ್ಡಿಂಗಿನವನು. "ಆ ಸದ್ದು ಡ್ರಮ್ಸಿಂದ ಬರ್ತಿಲ್ಲ, ಗೋಡೆಯಿಂದ ಬರ್ತಿದೆ." ಡ್ರಮ್ಸಿನ ಮೂರೂ ಮೈಕುಗಳ ಸದ್ದು ತೆಗೆದು ಮತ್ತೆ ಕೇಳಿಸಿದ. ಹಾಡು ಮೊದಲಿಗಿಂತ ಚೆನ್ನಾಗಿತ್ತು. ಯಾರೂ ಗುಡುಗನ ಮುಖ ನೋಡಲಿಲ್ಲ. ಒಳ್ಳೆಯ ಜನ.

ಹಾಡುಗಾರ್ತಿ ಪಕ್ಕದ ಮನೆಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದಳು.

"ಟೀಚರ್ ಬ್ಯಾಂಡಿಗೆ ಸೇರ್ತಾರಂತೆ."

"ನಾನು?" ಎಂದ ಗುಡುಗ.

"ನೀನೂ ಇರ್ಲೇಬೇಕು. ಯಾರಾದ್ರೂ ತಪ್ಪಿದ್ರೆ ಮಾತ್ರ ಅವರಿಗೆ ಕೈ ಏಳೋದಂತೆ. ನಾನು ನೋಡಿಟ್ಟಿದ್ದ ಡ್ರಮ್ಮರಿಂದ ಪ್ರಯೋಜನ ಇಲ್ಲ. ಅವನು ಸರಿಯಾಗಿ ಬಾರಿಸ್ತಾನೆ."

ಮೂರು ಮೈಕುಗಳೂ ಟೀಚರಮ್ಮನ ಅಡುಗೆಮನೆಗೆ ಹೋದವು. ಗುಡುಗನ ಡ್ರಮ್ಸಿನ ಮೇಲೆ, ಗೋಡೆಯಾಚೆ ಟೀಚರಮ್ಮನಿಗಷ್ಟೇ ಕೇಳಿಸಿದರೆ ಸಾಕೆಂದು, ಕಂಬಳಿ ಹೊದಿಸಿದರು. ಎರಡನೇ ಹಾಡು ಶುರುವಾಯಿತು. ಗುಡುಗನಿಗೆ ಎಲ್ಲಿಲ್ಲದ ಬೇಸರ. ಮನಸ್ಸು ಎಲ್ಲೋ ಇತ್ತು, ಕೈಗಳು ತಮ್ಮ ಪಾಡಿಗೆ ನಡೆದವು. ಎರಡು ನಿಮಿಷವಾಯಿತು, ಮೂರಾಯಿತು. ಗೋಡೆ ಉಸಿರೆತ್ತಲಿಲ್ಲ. ಕೆಳಗಿನಿಂದ ಟೈಲರನ ಮೆಷಿನ್ ಅದೇ ತಾಳಕ್ಕೆ ಓಡುವುದು ಮಾತ್ರ ಕೇಳುತ್ತಿತ್ತು.

ಹಾಡುಗಾರ್ತಿ ಹಾಡು ನಿಲ್ಲಿಸಿ, ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು.

"ಒಂದು ಕೆಲಸಾನಾದ್ರೂ ನೆಟ್ಟಗೆ ಮಾಡೋಕೆ ಬರಲ್ವೇನೋ ನಿನಗೆ?"